ಅಶೋಕ: ಅರಸನ ನಂಬಿಕೆ ಆಡಳಿತಕ್ಕೆ ಬಂದಾಗ

ಅಶೋಕ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಸಾಲುಮರಗಳು. ದಾರಿಯ ಎರಡೂ ಬದಿಗೆ ಮರ ನೆಡಿಸಿದ, ಬಾವಿ ತೋಡಿಸಿದ, ಕಳಿಂಗ ಯುದ್ಧದ ಸಾವುನೋವು ಕಂಡು ಮನಸ್ಸು ಬದಲಿಸಿ ಬೌದ್ಧನಾದ. ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಿದ್ದರು. ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಇತಿಹಾಸದ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದಾಗ ನಾನು ಅಶೋಕನನ್ನೇ ಆರಿಸಿಕೊಂಡೆ. ಅದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಅವನು ನಮಗೆ ದೂರದವನಲ್ಲ. ನಮ್ಮ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲೇ ಅವನ ಮೂರು ಶಾಸನಗಳಿವೆ. ಪಾಟಲೀಪುತ್ರದಲ್ಲಿ ಕುಳಿತ ಚಕ್ರವರ್ತಿ ಸುಮಾರು 2,250 ವರ್ಷಗಳ ಹಿಂದೆ ನಮ್ಮ ಸೀಮೆಯ ಜನರಿಗೆ ಹೇಳಿಕಳಿಸಿದ ಮಾತು ಇವತ್ತಿಗೂ ಇಲ್ಲಿನ ಬಂಡೆಗಳ ಮೇಲೆ ಇದೆ. ಎರಡನೆಯದು, ಇವತ್ತು ಟಿ.ವಿ.ಯಲ್ಲಿ, ಅರಳಿಕಟ್ಟೆಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ನಾವು ಮತ್ತೆ ಮತ್ತೆ ಜಗಳವಾಡುವ ಒಂದು ಪ್ರಶ್ನೆಯನ್ನು ಅವನು ನಮಗಿಂತ ಬಹಳ ಹಿಂದೆಯೇ ಎದುರಿಸಿದ್ದ. ಆಳುವವನಿಗೆ ತನ್ನದೇ ಒಂದು ಮತ ಇರುತ್ತದೆ. ಆ ಮತ ಅವನ ಸರ್ಕಾರದೊಳಗೆ ಎಷ್ಟು ದೂರ ಬರಬಹುದು? ಅಶೋಕನ ಬದುಕನ್ನು ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಸಾಲುಮರದ ಅಶೋಕನಿಗಿಂತ ಬೇರೆಯೇ ಮನುಷ್ಯ ಕಾಣುತ್ತಾನೆ.

ಮೂರು ತಲೆಮಾರು, ಮೂರು ಮತ

ಅಶೋಕನ ತಾತ ಚಂದ್ರಗುಪ್ತ ಮೌರ್ಯ ಕ್ರಿ.ಪೂ. 321ರ ಸುಮಾರಿಗೆ ಮಗಧದಲ್ಲಿ ರಾಜ್ಯ ಕಟ್ಟಿದವನು. ಕೊನೆಗಾಲದಲ್ಲಿ ಸಿಂಹಾಸನ ಬಿಟ್ಟು, ಭದ್ರಬಾಹು ಮುನಿಗಳ ಜೊತೆ ನಮ್ಮ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟನೆಂಬುದು ಜೈನ ಪರಂಪರೆಯ ನಂಬಿಕೆ. ಅಲ್ಲಿನ ಚಿಕ್ಕಬೆಟ್ಟಕ್ಕೆ ಚಂದ್ರಗಿರಿ ಎಂಬ ಹೆಸರು ಬಂದದ್ದು ಅವನಿಂದಲೇ ಎನ್ನುತ್ತಾರೆ. ಚಂದ್ರಗುಪ್ತನ ಮಗ ಬಿಂದುಸಾರ. ಅವನ ಆಸ್ಥಾನದಲ್ಲಿ ಆಜೀವಿಕ ಪಂಥದ ಸನ್ಯಾಸಿಗಳಿಗೆ ಮನ್ನಣೆಯಿತ್ತೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ಎಲ್ಲವೂ ವಿಧಿಯಂತೆ ನಡೆಯುತ್ತದೆ ಎಂದು ನಂಬಿದ್ದ ಆಜೀವಿಕರ ಪಂಥ ಈಗ ಉಳಿದಿಲ್ಲ. ಬಿಂದುಸಾರನ ಮಗ ಅಶೋಕ ಬೌದ್ಧನಾದ. ತಾತ, ಅಪ್ಪ, ಮಗ ಮೂವರೂ ಬೇರೆ ಬೇರೆ ದಾರಿ ಹಿಡಿದರೂ ರಾಜ್ಯ ಒಂದೇ ಆಗಿ ನಡೆಯಿತು. ಅರಸನ ಮತ ಬದಲಾದಾಗಲೆಲ್ಲ ಪ್ರಜೆಗಳ ಮತವೂ ಬದಲಾಗಬೇಕೆಂಬ ಕಟ್ಟಳೆ ಆ ಕಾಲದಲ್ಲಿ ಇರಲಿಲ್ಲ.

ಅಶೋಕನ ಬಾಲ್ಯದ ಬಗ್ಗೆ ನಮಗಿರುವುದು ಬಹುಮಟ್ಟಿಗೆ ಕಥೆಗಳೇ. ರಾಜಕುಮಾರನಾಗಿದ್ದಾಗ ಉಜ್ಜಯಿನಿಯಲ್ಲಿ ಅಧಿಕಾರಿಯಾಗಿದ್ದ, ವಿದಿಶೆಯ ದೇವಿ ಎಂಬ ವರ್ತಕನ ಮಗಳನ್ನು ಮದುವೆಯಾದ, ಮಹಿಂದ ಮತ್ತು ಸಂಘಮಿತ್ತಾ ಎಂಬ ಇಬ್ಬರು ಮಕ್ಕಳಾದರು ಎಂದು ಶ್ರೀಲಂಕಾದ ಬೌದ್ಧ ಪರಂಪರೆ ಹೇಳುತ್ತದೆ. 99 ಮಂದಿ ಸಹೋದರರನ್ನು ಕೊಂದು ಪಟ್ಟಕ್ಕೆ ಬಂದ ಚಂಡಾಶೋಕ ಬುದ್ಧನ ದಾರಿಗೆ ಬಂದು ಧರ್ಮಾಶೋಕನಾದ ಎಂಬ ಕಥೆಯೂ ಇದೆ. ಆದರೆ ಅಶೋಕ ತನ್ನದೇ ಐದನೇ ಬಂಡೆ ಶಾಸನದಲ್ಲಿ ತನ್ನ ಸಹೋದರ ಸಹೋದರಿಯರ ಮನೆತನಗಳನ್ನು ಪ್ರಸ್ತಾಪಿಸುತ್ತಾನೆ. ಮತಕ್ಕೆ ಬರುವ ಮುಂಚೆ ಕ್ರೂರಿ, ಬಂದ ಮೇಲೆ ಸಾಧು ಎಂದು ತೋರಿಸಲು ಭಕ್ತರು ಕಥೆಯನ್ನು ಹಿಗ್ಗಿಸಿದ್ದಾರೆ ಎಂದು ಇತಿಹಾಸಕಾರರು ಭಾವಿಸುತ್ತಾರೆ. ಬಿಂದುಸಾರ ತೀರಿಕೊಂಡ ಕೆಲವು ವರ್ಷಗಳ ನಂತರ, ಕ್ರಿ.ಪೂ. 268ರ ಸುಮಾರಿಗೆ ಅಶೋಕನ ಪಟ್ಟಾಭಿಷೇಕವಾಯಿತು.

ಕಳಿಂಗ

ಪಟ್ಟಕ್ಕೆ ಬಂದು ಎಂಟು ವರ್ಷವಾದ ಮೇಲೆ ಅಶೋಕ ಕಳಿಂಗದ ಮೇಲೆ, ಅಂದರೆ ಇಂದಿನ ಒಡಿಶಾ ಕರಾವಳಿಯ ಮೇಲೆ ಯುದ್ಧ ಹೂಡಿದ. ಅದರ ಲೆಕ್ಕವನ್ನು ಅವನೇ ಹದಿಮೂರನೇ ಬಂಡೆ ಶಾಸನದಲ್ಲಿ ಕೊಟ್ಟಿದ್ದಾನೆ. 1,50,000 ಜನರನ್ನು ನೆಲೆಯಿಂದ ಕಿತ್ತು ಸಾಗಿಸಲಾಯಿತು. 1,00,000 ಜನ ಯುದ್ಧದಲ್ಲಿ ಸತ್ತರು. ಅದರ ಹಲವು ಪಟ್ಟು ಜನ ಆಮೇಲೆ ಸತ್ತರು. ಗೆದ್ದ ಅರಸರು ವೈರಿಗಳನ್ನು ಇಷ್ಟು ಸಾವಿರ ಕೊಂದೆವೆಂದು ಹೆಮ್ಮೆಯಿಂದ ಕೆತ್ತಿಸುವುದು ಜಗತ್ತಿನ ರೂಢಿ. ಅಶೋಕ ಅದೇ ಲೆಕ್ಕವನ್ನು ಪಶ್ಚಾತ್ತಾಪಕ್ಕಾಗಿ ಕೆತ್ತಿಸಿದ. ಸತ್ತವರಲ್ಲಿ, ನೆಲೆ ಕಳೆದುಕೊಂಡವರಲ್ಲಿ ಬ್ರಾಹ್ಮಣರಿದ್ದರು, ಶ್ರಮಣರಿದ್ದರು, ತಂದೆತಾಯಿಗಳಿಗೆ ವಿಧೇಯರಾದ ಗೃಹಸ್ಥರಿದ್ದರು, ಅವರನ್ನು ನೆನೆದರೆ ತನಗೆ ಭಾರವಾಗುತ್ತದೆ ಎಂದು ಬರೆಸಿದ. ಇನ್ನು ಮುಂದೆ ಧಮ್ಮದ ಮೂಲಕ ಗೆಲ್ಲುವುದೇ ನಿಜವಾದ ಗೆಲುವು ಎಂದು ಸಾರಿದ.

ಇಲ್ಲಿಯವರೆಗೆ ನಮ್ಮ ಪಠ್ಯಪುಸ್ತಕದಲ್ಲಿದೆ. ಇನ್ನು ಮುಂದಿನದನ್ನೂ ನೋಡಬೇಕು. ಅಶೋಕ ಗೆದ್ದ ಕಳಿಂಗವನ್ನು ಹಿಂದಕ್ಕೆ ಕೊಡಲಿಲ್ಲ. ಸೈನ್ಯವನ್ನು ವಿಸರ್ಜಿಸಿದ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಅದೇ ಶಾಸನದಲ್ಲಿ ಕಾಡಿನ ಜನರಿಗೆ, ನನಗೆ ಪಶ್ಚಾತ್ತಾಪವಿದ್ದರೂ ಶಿಕ್ಷಿಸುವ ಶಕ್ತಿಯೂ ಇದೆ, ತಿದ್ದಿಕೊಳ್ಳಿ ಎಂಬ ಎಚ್ಚರಿಕೆ ಇದೆ.

ಇನ್ನೊಂದು ಸಂಗತಿಯಿದೆ. ನಾನು ವೃತ್ತಿಯಿಂದ ಸಾಫ್ಟ್‌ವೇರ್ ಎಂಜಿನಿಯರ್. ಒಂದೇ ಪಠ್ಯದ ಹಲವು ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡುವುದು ನನಗೆ ದಿನನಿತ್ಯದ ಕೆಲಸ. ಅಶೋಕನ ಶಾಸನಗಳನ್ನೂ ಹಾಗೆ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಪಶ್ಚಾತ್ತಾಪದ ಶಾಸನ ದೂರದ ಗಡಿಪ್ರಾಂತ್ಯಗಳಲ್ಲಿದೆ. ಆದರೆ ಕಳಿಂಗದಲ್ಲೇ ಇರುವ ಧೌಲಿ ಮತ್ತು ಜೌಗಡ ಬಂಡೆಗಳಲ್ಲಿ ಅದಿಲ್ಲ. ಅಲ್ಲಿ ಅದರ ಬದಲು ಎರಡು ಪ್ರತ್ಯೇಕ ಶಾಸನಗಳಿವೆ. ಎಲ್ಲ ಜನರೂ ನನ್ನ ಮಕ್ಕಳು, ಯಾರನ್ನೂ ಕಾರಣವಿಲ್ಲದೆ ಸೆರೆಯಲ್ಲಿಡಬೇಡಿ, ಹಿಂಸಿಸಬೇಡಿ ಎಂದು ಅಧಿಕಾರಿಗಳಿಗೆ ಕೊಟ್ಟ ಅಪ್ಪಣೆ ಅದು. ನೋವು ತಿಂದ ಜನರ ಮುಂದೆ ಗಾಯವನ್ನು ಕೆದಕುವುದು ಬೇಡವೆನಿಸಿತೋ, ಸೋತವರ ಎದುರು ತಪ್ಪೊಪ್ಪಿಕೊಂಡರೆ ಅಧಿಕಾರ ಸಡಿಲವಾಗುತ್ತದೆಂಬ ಲೆಕ್ಕಾಚಾರವೋ, ಓದುವವರೇ ಯೋಚಿಸಬೇಕು. ಪಶ್ಚಾತ್ತಾಪ ಪ್ರಾಮಾಣಿಕವಾಗಿಯೇ ಇದ್ದಿರಬಹುದು. ಆದರೆ ಅದನ್ನು ಎಲ್ಲಿ ಹೇಳಬೇಕು ಎಂಬುದನ್ನು ತೀರ್ಮಾನಿಸಿದ್ದು ರಾಜಕೀಯ.

ನಮ್ಮ ಸೀಮೆಗೆ ಬಂದ ಸುತ್ತೋಲೆ

ನಮ್ಮ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟದ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಲ್ಲಿನ ಮಹಾಮಾತ್ರರು ಇಸಿಲದ ಮಹಾಮಾತ್ರರ ಕ್ಷೇಮ ವಿಚಾರಿಸಿ, ಚಕ್ರವರ್ತಿಯ ಅಪ್ಪಣೆಯನ್ನು ಮುಂದೆ ಕಳಿಸಿದ ಪತ್ರ ಇದು. ಕೆತ್ತುವವನು ಕ್ಷೇಮಸಮಾಚಾರವನ್ನೂ ಸೇರಿಸಿ ಇಡೀ ಪತ್ರವನ್ನು ಬಂಡೆಗೆ ಇಳಿಸಿಬಿಟ್ಟಿದ್ದಾನೆ. ಇವತ್ತು ಬೆಂಗಳೂರಿನಿಂದ ಹೊರಟ ಸುತ್ತೋಲೆ ಜಿಲ್ಲೆ, ತಾಲ್ಲೂಕು ದಾಟಿ ಶಾಲೆಯ ಸೂಚನಾ ಫಲಕಕ್ಕೆ ಬರುವ ರೀತಿಯೇ ಅಲ್ಲಿಯೂ ಕಾಣುತ್ತದೆ. ಇಸಿಲ ಎಂಬ ಊರು ಬ್ರಹ್ಮಗಿರಿಯ ಬುಡದಲ್ಲೇ ಇತ್ತೆಂದು ವಿದ್ವಾಂಸರು ಗುರುತಿಸುತ್ತಾರೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದರು.

ಬರೆದವನ ಹೆಸರು ಚಪಡ. ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ಕೊನೆಯ ಒಂದು ಪದವನ್ನು ಮಾತ್ರ ವಾಯವ್ಯ ಗಡಿಯಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಬಲದಿಂದ ಎಡಕ್ಕೆ ಬರೆಯುವ ಆ ಲಿಪಿ ಬಲ್ಲ ನೌಕರನೊಬ್ಬ ನಮ್ಮ ಬಯಲುಸೀಮೆಯವರೆಗೆ ಬಂದು ಕೆಲಸ ಮಾಡಿದ್ದ ಎಂದಾಯಿತು.

ಆ ಸುತ್ತೋಲೆಯಲ್ಲಿ ಏನಿದೆ? ಮೊದಲ ಭಾಗದಲ್ಲಿ ಅಶೋಕ ತನ್ನ ಬಗ್ಗೆ ಹೇಳಿಕೊಳ್ಳುತ್ತಾನೆ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಅಷ್ಟಾಗಿ ಶ್ರಮಿಸಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಚೆನ್ನಾಗಿ ಪ್ರಯತ್ನಿಸುತ್ತಿದ್ದೇನೆ ಎಂಬುದು ಅದರ ಸಾರ. ಅಂದರೆ ಕಥೆಗಳಲ್ಲಿರುವಂತೆ ಒಂದೇ ರಾತ್ರಿಯಲ್ಲಿ ಆದ ಬದಲಾವಣೆ ಅಲ್ಲ ಅದು. ನಿಧಾನವಾಗಿ ಆದದ್ದು. ಎರಡನೇ ಭಾಗದಲ್ಲಿ ಜನರಿಗೆ ಮಾತು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕಂತೆ ನಡೆದುಕೊಳ್ಳಬೇಕು. ಇದು ಹಿಂದಿನಿಂದ ಬಂದ ನಿಯಮ ಎಂದೂ ಸೇರಿಸುತ್ತಾನೆ. ಹೊಸ ಮತ ತಂದಿದ್ದೇನೆ, ಇದಕ್ಕೆ ಸೇರಿಕೊಳ್ಳಿ ಎಂಬ ಮಾತು ಎಲ್ಲೂ ಇಲ್ಲ.

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಸಿಕ್ಕ ಶಾಸನದ ಮಹತ್ವ ಬೇರೆ. ಅದುವರೆಗೆ ಸಿಕ್ಕ ಶಾಸನಗಳಲ್ಲಿ ಅರಸನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಿಂದಷ್ಟೇ ಕರೆಯಲಾಗಿತ್ತು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂಬುದು ಕನ್ನಡ ನಾಡಿನ ಕಲ್ಲಿನಿಂದ ಖಚಿತವಾಯಿತು.

ಧಮ್ಮ ಎಂದರೆ ಯಾವುದು?

ಕನ್ನಡದಲ್ಲಿ ಧರ್ಮ ಎಂಬ ಪದವನ್ನು ನಾವು ಎಷ್ಟು ಬಗೆಯಲ್ಲಿ ಬಳಸುತ್ತೇವೆ ನೋಡಿ. ಶಾಲೆಯ ಅರ್ಜಿಯಲ್ಲಿ ಧರ್ಮ ಎಂಬ ಕಾಲಂ ಇದ್ದರೆ ಹಿಂದೂ, ಮುಸ್ಲಿಂ, ಕ್ರೈಸ್ತ, ಜೈನ ಎಂದು ತುಂಬುತ್ತೇವೆ. ಧರ್ಮಾಸ್ಪತ್ರೆ, ಧರ್ಮಛತ್ರ ಎಂದಾಗ ಯಾರ ಮತವನ್ನೂ ಕೇಳದೆ ಪುಕ್ಕಟೆ ಸಿಗುವ ಉಪಕಾರ ಎಂದು ಅರ್ಥ. ಬಡವನ ಹೊಲ ಒತ್ತಿಕೊಂಡವನಿಗೆ ಇದು ಧರ್ಮವೇ ಎಂದು ಊರವರು ಕೇಳುವಾಗ ಅರ್ಥ ಬೇರೆ, ಅದು ನ್ಯಾಯದ ಮಾತು. ಅಶೋಕನ ಧಮ್ಮದ ಗುಟ್ಟು ಇರುವುದು ಈ ಅರ್ಥಗಳ ನಡುವೆ.

ಅವನ ಶಾಸನಗಳನ್ನು ಎರಡು ಗುಂಪು ಮಾಡಬಹುದು. ಸಂಘಕ್ಕೆ ಬರೆದವು ಕೆಲವು. ಅವುಗಳಲ್ಲಿ ಅವನು ಬುದ್ಧನ ಭಕ್ತ. ರಾಜಸ್ಥಾನದ ಬೈರಾಟ್‌ನಲ್ಲಿ ಸಿಕ್ಕ ಶಾಸನದಲ್ಲಿ ಬುದ್ಧ, ಧರ್ಮ, ಸಂಘಗಳಲ್ಲಿ ತನಗಿರುವ ಶ್ರದ್ಧೆಯನ್ನು ಬಹಿರಂಗವಾಗಿ ಹೇಳಿಕೊಂಡು, ಭಿಕ್ಷುಗಳೂ ಉಪಾಸಕರೂ ಓದಬೇಕಾದ ಏಳು ಪಾಠಗಳನ್ನು ಸೂಚಿಸುತ್ತಾನೆ. ಆದರೆ ಪ್ರಜೆಗಳಿಗೂ ಅಧಿಕಾರಿಗಳಿಗೂ ಹೊರಡಿಸಿದ ದೊಡ್ಡ ಬಂಡೆ ಶಾಸನಗಳಲ್ಲಿ ನಾಲ್ಕು ಆರ್ಯಸತ್ಯಗಳ ಮಾತಿಲ್ಲ, ನಿರ್ವಾಣದ ಮಾತಿಲ್ಲ. ಅಲ್ಲಿರುವುದು ಆಳುಕಾಳುಗಳನ್ನು ಚೆನ್ನಾಗಿ ನೋಡಿಕೊಳ್ಳುವುದು, ಹಿರಿಯರಿಗೆ ಗೌರವ, ಬ್ರಾಹ್ಮಣರಿಗೂ ಶ್ರಮಣರಿಗೂ ದಾನ, ಮಿತವಾದ ಖರ್ಚು. ಎಲ್ಲ ಮತದವರೂ ಒಪ್ಪಬಹುದಾದ ಸಂಗತಿಗಳು ಇವು. 1958ರಲ್ಲಿ ಅಫ್ಘಾನಿಸ್ತಾನದ ಕಂದಹಾರದಲ್ಲಿ ಸಿಕ್ಕ ಶಾಸನ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಲ್ಲಿದೆ. ಅಲ್ಲಿನ ಗ್ರೀಕರಿಗೆ ಧಮ್ಮವನ್ನು ಯುಸೆಬಿಯಾ ಎಂಬ ಅವರದೇ ಪದದಿಂದ ತಿಳಿಸಲಾಯಿತು. ಪೂಜ್ಯರಲ್ಲಿ ತೋರುವ ಭಯಭಕ್ತಿ ಎಂದು ಅದರ ಅರ್ಥ.

ನಂಬಿಕೆ ಕೆಲಸವಾದದ್ದು

ಕೇವಲ ಉಪದೇಶವಾಗಿದ್ದರೆ ಅಶೋಕನನ್ನು ಇಷ್ಟು ನೆನೆಯಬೇಕಿರಲಿಲ್ಲ. ಅವನು ನಂಬಿಕೆಯನ್ನು ಇಲಾಖೆಯ ಕೆಲಸವಾಗಿ ಮಾಡಿದ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ವ್ಯವಸ್ಥೆ ಮಾಡಿಸಿದ. ಔಷಧಿ ಗಿಡಗಳು ಇಲ್ಲದ ಕಡೆ ಬೇರೆಡೆಯಿಂದ ತರಿಸಿ ನೆಡಿಸಿದ. ಇದು ತನ್ನ ರಾಜ್ಯದಲ್ಲಷ್ಟೇ ಅಲ್ಲ, ಚೋಳ, ಪಾಂಡ್ಯ, ಸತಿಯಪುತ್ರ, ಕೇರಳಪುತ್ರರ ನಾಡುಗಳಲ್ಲಿ, ತಾಮ್ರಪರ್ಣಿಯಲ್ಲಿ, ಗ್ರೀಕ್ ಅರಸ ಆಂಟಿಯೋಕಸನ ರಾಜ್ಯದಲ್ಲಿ ಕೂಡ ಆಗಿದೆ ಎಂದು ಎರಡನೇ ಬಂಡೆ ಶಾಸನ ಹೇಳುತ್ತದೆ. ಅಧಿಕಾರಿಗಳು ಐದು ವರ್ಷಕ್ಕೊಮ್ಮೆ ಪ್ರವಾಸ ಹೋಗಬೇಕಿತ್ತು. ತಾನು ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ವಿಷಯವನ್ನು ಯಾವ ಹೊತ್ತಿನಲ್ಲಾದರೂ ತಂದು ತಿಳಿಸಬಹುದೆಂದು ವರದಿಗಾರರಿಗೆ ಅನುಮತಿ ಕೊಟ್ಟ. ಬೇಟೆಯ ವಿಹಾರಗಳನ್ನು ಬಿಟ್ಟು ಧಮ್ಮಯಾತ್ರೆ ಆರಂಭಿಸಿದ. ಪಟ್ಟವಾಗಿ 13 ವರ್ಷಗಳಾದಾಗ ಧಮ್ಮ ಮಹಾಮಾತ್ರರೆಂಬ ಹೊಸ ಹುದ್ದೆಯನ್ನೇ ಸೃಷ್ಟಿಸಿದ. ಎಲ್ಲ ಪಂಥಗಳವರ ನಡುವೆ ಕೆಲಸ ಮಾಡುವುದು, ಸೆರೆಯಾಳುಗಳಲ್ಲಿ ಮಕ್ಕಳೊಂದಿಗರನ್ನು, ಮುದುಕರನ್ನು ನೋಡಿ ನೆರವಾಗುವುದು ಅವರ ಹೊಣೆಯಾಗಿತ್ತು.

ಅವನು ಮರಣದಂಡನೆಯನ್ನು ತೆಗೆಯಲಿಲ್ಲ. ಆದರೆ ಶಿಕ್ಷೆಗೆ ಗುರಿಯಾದವನಿಗೆ ಮೂರು ದಿನಗಳ ಅವಧಿ ಕೊಟ್ಟ. ಅಷ್ಟರಲ್ಲಿ ಬಂಧುಗಳು ಮೊರೆ ಹೋಗಬಹುದಿತ್ತು. ಮತದಿಂದ ಬಂದ ಕರುಣೆ ಕಾನೂನಿನಲ್ಲಿ ಅಷ್ಟು ಜಾಗ ಪಡೆಯಿತು.

ನಂಬಿಕೆ ಭಾರವಾದದ್ದು

ಇದೇ ನಂಬಿಕೆ ಕೆಲವರಿಗೆ ಭಾರವಾಗಿಯೂ ಬಂದಿರಬೇಕು. ಅಶೋಕನ ಅಡುಗೆಮನೆಯಲ್ಲಿ ಹಿಂದೆ ದಿನವೂ ಲಕ್ಷಾಂತರ ಪ್ರಾಣಿಗಳನ್ನು ಕೊಲ್ಲುತ್ತಿದ್ದರಂತೆ. ಆಮೇಲೆ ಎರಡು ನವಿಲು ಮತ್ತು ಒಂದು ಜಿಂಕೆಗೆ ಬಂತು, ಮುಂದೆ ಅದೂ ನಿಲ್ಲುತ್ತದೆ ಎಂದು ಮೊದಲನೇ ಬಂಡೆ ಶಾಸನದಲ್ಲಿ ಹೇಳಿದ್ದಾನೆ. ಅವನ ಅಡುಗೆಮನೆ ಅವನ ಇಷ್ಟ. ಆದರೆ ಅದೇ ಶಾಸನ ಪ್ರಾಣಿಬಲಿಯನ್ನೂ ಕೆಲವು ಬಗೆಯ ಜಾತ್ರೆಕೂಟಗಳನ್ನೂ ನಿಷೇಧಿಸುತ್ತದೆ. ಬಲಿಯೇ ಪೂಜೆಯಾಗಿದ್ದವರಿಗೆ ಇದು ತಮ್ಮ ಮತದ ಮೇಲೆ ಬಿದ್ದ ಸರ್ಕಾರದ ಕೈ. ಒಂಬತ್ತನೇ ಶಾಸನದಲ್ಲಿ ಕಾಯಿಲೆ, ಮದುವೆ, ಹೆರಿಗೆ, ಪ್ರಯಾಣದ ಹೊತ್ತಿಗೆ ಹೆಂಗಸರು ಮಾಡುವ ಆಚರಣೆಗಳನ್ನು ಕ್ಷುಲ್ಲಕವೆಂದು ಹೀಗಳೆಯುತ್ತಾನೆ. ಮಗುವಿಗೆ ದೃಷ್ಟಿ ತೆಗೆಯುವ ಯಾವ ಅಜ್ಜಿಗೂ ಅದು ಹಿಡಿಸಿರಲಾರದು.

ಪಟ್ಟಾಭಿಷೇಕದ 26ನೇ ವರ್ಷದ ಹೊತ್ತಿಗೆ ನಿಯಮಗಳು ಇನ್ನೂ ಹೆಚ್ಚಾದವು. ಗಿಳಿ, ಮೈನಾ, ಬಾವಲಿ, ಆಮೆ, ಮುಳ್ಳುಹಂದಿ ಮುಂತಾದವನ್ನು ಕೊಲ್ಲಬಾರದು, ಜೀವಿಗಳಿರುವ ಹೊಟ್ಟನ್ನು ಸುಡಬಾರದು, ಕೆಲವು ಹುಣ್ಣಿಮೆಗಳಲ್ಲಿ ಮತ್ತು ಉಪೋಸಥದ ದಿನಗಳಲ್ಲಿ ಮೀನು ಹಿಡಿಯಬಾರದು, ಮಾರಬಾರದು. ಬೌದ್ಧ ಪಂಚಾಂಗದ ವ್ರತದ ದಿನ ಬೆಸ್ತನ ವ್ಯಾಪಾರಕ್ಕೂ ರಜೆಯಾಯಿತು. ಕಂದಹಾರದ ಶಾಸನ ಅರಸನ ಬೇಟೆಗಾರರೂ ಬೆಸ್ತರೂ ತಮ್ಮ ಕಸುಬು ಬಿಟ್ಟರೆಂದು ಸಂತೋಷದಿಂದ ಹೇಳುತ್ತದೆ. ಆ ಬೆಸ್ತರು ಆಮೇಲೆ ಹೊಟ್ಟೆಗೆ ಏನು ಮಾಡಿಕೊಂಡರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ.

ಖಜಾನೆಯ ವಿಷಯಕ್ಕೆ ಬರೋಣ. 20ನೇ ವರ್ಷದಲ್ಲಿ ಅಶೋಕ ಬುದ್ಧ ಹುಟ್ಟಿದ ಲುಂಬಿನಿಗೆ ಹೋಗಿ ಪೂಜೆ ಸಲ್ಲಿಸಿದ. ಅದರ ನೆನಪಿಗೆ ಕಂಬ ನಿಲ್ಲಿಸಿ, ಆ ಹಳ್ಳಿಗೆ ಬಲಿ ಎಂಬ ಕಂದಾಯವನ್ನು ಮನ್ನಾ ಮಾಡಿ, ಬೆಳೆಯ ಪಾಲನ್ನು ಎಂಟನೇ ಒಂದಕ್ಕೆ ಇಳಿಸಿದ. ಲುಂಬಿನಿಯ ರೈತನಿಗೆ ಈ ಲಾಭ ಬಂದದ್ದು ಅವನ ಬಡತನದಿಂದಲ್ಲ, ಅವನ ಊರು ಅರಸನ ಆರಾಧ್ಯನ ಹುಟ್ಟೂರು ಎಂಬುದರಿಂದ.

ಅಧಿಕಾರವು ಮತದೊಳಗೂ ಕಾಲಿಟ್ಟಿತು. ಸಾರನಾಥ, ಸಾಂಚಿ ಮತ್ತು ಕೌಶಾಂಬಿಯ ಶಾಸನಗಳಲ್ಲಿ ಸಂಘವನ್ನು ಒಡೆಯುವ ಭಿಕ್ಷು ಅಥವಾ ಭಿಕ್ಷುಣಿಗೆ ಬಿಳಿ ಬಟ್ಟೆ ಉಡಿಸಿ ವಿಹಾರದಿಂದ ಹೊರಗೆ ಹಾಕಬೇಕೆಂಬ ಆಜ್ಞೆಯಿದೆ. ಸನ್ಯಾಸಿಗಳ ಒಳಜಗಳವನ್ನು ಸನ್ಯಾಸಿಗಳು ಬಗೆಹರಿಸಿಕೊಳ್ಳದೆ ಅರಸನ ಅಧಿಕಾರಿಗಳು ನೋಡುವಂತಾಯಿತು. ಮತ ಸರ್ಕಾರದ ಹತ್ತಿರ ಬಂದಾಗ ಸರ್ಕಾರವೂ ಮತದ ಹತ್ತಿರ ಬರುತ್ತದೆ. ಎರಡರಲ್ಲಿ ಕೈ ಮೇಲಾಗುವುದು ದಂಡ ಹಿಡಿದವನದೇ.

ಪರರ ಮತಕ್ಕೆ ಕೊಟ್ಟ ಜಾಗ

ಇಷ್ಟಾದರೂ ಅಶೋಕನನ್ನು ಬೇರೆ ಅನೇಕ ಧರ್ಮಾಭಿಮಾನಿ ಅರಸರಿಂದ ಬೇರೆಯಾಗಿ ನಿಲ್ಲಿಸುವ ಗುಣವೊಂದಿದೆ. ಏಳನೇ ಬಂಡೆ ಶಾಸನದಲ್ಲಿ ಎಲ್ಲ ಪಂಥದವರೂ ಎಲ್ಲ ಕಡೆ ವಾಸಿಸಲಿ ಎಂದು ಬಯಸುತ್ತಾನೆ. ಹನ್ನೆರಡನೆಯದು ಇನ್ನೂ ಮುಂದೆ ಹೋಗುತ್ತದೆ. ತನ್ನ ಮತದ ಮೇಲಿನ ಅಭಿಮಾನದಿಂದ ಪರರ ಮತವನ್ನು ಸುಮ್ಮನೆ ನಿಂದಿಸುವವನು ತನ್ನ ಮತಕ್ಕೇ ಹೆಚ್ಚು ಕೇಡು ಮಾಡುತ್ತಾನೆ, ಆದ್ದರಿಂದ ನಾಲಿಗೆಯ ಮೇಲೆ ಹಿಡಿತವಿರಲಿ, ಒಬ್ಬರು ಇನ್ನೊಬ್ಬರ ವಿಚಾರವನ್ನು ಕೇಳಿ ತಿಳಿಯಲಿ ಎಂಬುದು ಅದರ ತಿರುಳು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ 1980ರ ದಶಕದಲ್ಲಿ ಸಿಕ್ಕ ಕಲ್ಲಿನ ಮೇಲೆ ಇದೇ ಹನ್ನೆರಡನೇ ಶಾಸನದ ಭಾಗವಿದೆ. ಕಳಿಂಗಕ್ಕೆ ಮಾತ್ರ ಮೀಸಲೆಂದು ತಿಳಿದಿದ್ದ ಪ್ರತ್ಯೇಕ ಶಾಸನಗಳೂ ಅದರಲ್ಲಿವೆ. ಆ ಕಲ್ಲನ್ನು ಯಾವುದೋ ಕಾಲದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿ ಬಳಸಿದ್ದರು. ಎಲ್ಲ ಮತಗಳೂ ಬಾಳಲಿ ಎಂದ ಬೌದ್ಧ ಅರಸನ ಮಾತು ಶಕ್ತಿದೇವತೆಯ ಪಾದದ ಕೆಳಗೆ ಸುರಕ್ಷಿತವಾಗಿ ಉಳಿದಿತ್ತು.

ಬಿಹಾರದ ಬರಾಬರ್ ಬೆಟ್ಟದಲ್ಲಿ ಬಂಡೆ ಕೊರೆಸಿ, ಕನ್ನಡಿಯಂತೆ ನಯ ಮಾಡಿಸಿದ ಗುಹೆಗಳನ್ನು ಅಶೋಕ ಆಜೀವಿಕರಿಗೆ ದಾನ ಕೊಟ್ಟ. ಬೌದ್ಧರು ಆಜೀವಿಕರನ್ನು ಎದುರಾಳಿಗಳಂತೆ ಕಾಣುತ್ತಿದ್ದ ಕಾಲ ಅದು. ಶತಮಾನಗಳ ನಂತರ ಬೌದ್ಧರೇ ಬರೆದ ಅಶೋಕಾವದಾನದಲ್ಲಿ, ಬುದ್ಧನನ್ನು ಅವಮಾನಿಸಿದ್ದಕ್ಕಾಗಿ ಅಶೋಕ ಸಾವಿರಾರು ಆಜೀವಿಕರನ್ನು ಕೊಲ್ಲಿಸಿದನೆಂಬ ಕಥೆಯಿದೆ. ಅದನ್ನು ಹೊಗಳಿಕೆಯೆಂದೇ ಬರೆದಂತಿದೆ! ಅವನೇ ಬರೆಸಿದ ಕಲ್ಲು ಹೇಳುವುದು ಬೇರೆ. ಆ ಗುಹೆಗಳ ಕೆಲವು ಶಾಸನಗಳಲ್ಲಿ ಆಜೀವಿಕ ಎಂಬ ಪದವನ್ನು ಮುಂದೆ ಯಾರೋ ಉಳಿಯಿಂದ ಕೆತ್ತಿ ಅಳಿಸಲು ನೋಡಿದ್ದಾರೆ. ಅರಸ ಜಾಗ ಕೊಟ್ಟರೂ ಅವನ ನಂತರದವರು ಹೆಸರು ಉಳಿಯಗೊಡುವುದಿಲ್ಲ.

ಕೊನೆಗಾಲ

27ನೇ ವರ್ಷದಲ್ಲಿ ಅಶೋಕ ತನ್ನ ಕೆಲಸವನ್ನೆಲ್ಲ ಹಿಂತಿರುಗಿ ನೋಡಿ ಒಂದು ದೊಡ್ಡ ಶಾಸನ ಬರೆಸಿದ. ಅದಿರುವ ಕಂಬವನ್ನು 14ನೇ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ತೋಪ್ರಾದಿಂದ ದೆಹಲಿಗೆ ತರಿಸಿದ. ಈಗಲೂ ಅಲ್ಲಿದೆ. ಜನರು ಧಮ್ಮದಲ್ಲಿ ಮುಂದುವರಿದದ್ದು ಎರಡು ದಾರಿಯಿಂದ, ನಿಯಮಗಳಿಂದ ಮತ್ತು ಮನವೊಲಿಕೆಯಿಂದ. ಅವುಗಳಲ್ಲಿ ನಿಯಮಗಳಿಂದ ಆದದ್ದು ಸ್ವಲ್ಪ, ಮನವೊಲಿಕೆಯಿಂದ ಆದದ್ದೇ ಹೆಚ್ಚು ಎಂದು ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಮೀನು ಮಾರಬಾರದ ದಿನಗಳನ್ನು ಎಣಿಸಿ ಬರೆಸಿದ ಮರುವರ್ಷವೇ ಬಂದ ಮಾತು ಇದು. ನನ್ನ ಮಟ್ಟಿಗೆ ಅವನ ಎಲ್ಲ ಶಾಸನಗಳಲ್ಲಿ ಅತಿ ಹೆಚ್ಚು ಬೆಲೆಯ ಮಾತು ಇದೇ.

ಕೊನೆಯ ದಿನಗಳ ಬಗ್ಗೆ ಬೌದ್ಧರಲ್ಲಿ ಒಂದು ಕಥೆಯಿದೆ. ಮುದಿ ಅರಸ ಸಂಘಕ್ಕೆ ದಾನ ಕೊಡುತ್ತಲೇ ಹೋದ. ಖಜಾನೆ ಬರಿದಾಗುವುದೆಂದು ಹೆದರಿದ ಮಂತ್ರಿಗಳು ಮೊಮ್ಮಗನ ಮೂಲಕ ಖಜಾನೆಗೆ ತಡೆ ಹಾಕಿಸಿದರು. ಕೊನೆಗೆ ಅವನ ಕೈಯಲ್ಲಿ ಉಳಿದದ್ದು ಅರ್ಧ ನೆಲ್ಲಿಕಾಯಿ. ಅದನ್ನೂ ಸಂಘಕ್ಕೆ ಕಳಿಸಿದ. ಕಥೆ ಹೇಳಿದವರಿಗೆ ಇದು ತ್ಯಾಗದ ಮಹಿಮೆ. ಆದರೆ ಮಂತ್ರಿಗಳ ಕಡೆ ನಿಂತು ನೋಡಿದರೆ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಬೊಕ್ಕಸ ಅರಸನದೋ, ರಾಜ್ಯದ್ದೋ? ನಮ್ಮ ಮನೆಯ ದುಡ್ಡನ್ನು ನಮಗೆ ಬೇಕಾದ ದೇವರ ಹುಂಡಿಗೆ ಹಾಕಬಹುದು. ಊರಿನವರು ಕಟ್ಟಿದ ಕಂದಾಯ ಹಾಗಲ್ಲ.

ಕ್ರಿ.ಪೂ. 232ರ ಸುಮಾರಿಗೆ ಅಶೋಕ ತೀರಿಕೊಂಡ. ಸುಮಾರು 50 ವರ್ಷಗಳಲ್ಲಿ ಮೌರ್ಯರ ಕೊನೆಯ ಅರಸ ಬೃಹದ್ರಥನನ್ನು ಅವನ ಸೇನಾಪತಿ ಪುಷ್ಯಮಿತ್ರ ಕೊಂದ. ಇದಕ್ಕೆ ಅಶೋಕನ ಮತನೀತಿ ಕಾರಣವೇ ಎಂಬುದು ಹಳೆಯ ವಾದ. ಬ್ರಾಹ್ಮಣರ ಅಸಮಾಧಾನವೇ ಕಾರಣ ಎಂದು ಹರಪ್ರಸಾದ ಶಾಸ್ತ್ರಿ ಹೇಳಿದರು. ಹೇಮಚಂದ್ರ ರಾಯಚೌಧುರಿ ಅದನ್ನು ತಳ್ಳಿಹಾಕಿ, ಅಹಿಂಸೆಯಿಂದ ಸೈನ್ಯ ದುರ್ಬಲವಾಯಿತೆಂದರು. ರೋಮಿಲಾ ಥಾಪರ್ ಎರಡನ್ನೂ ಒಪ್ಪದೆ, ಅಷ್ಟು ದೊಡ್ಡ ರಾಜ್ಯವನ್ನು ಕೇಂದ್ರದ ಅಧಿಕಾರಿಗಳ ಮೂಲಕವೇ ಹಿಡಿದಿಡುವ ವ್ಯವಸ್ಥೆಯ ದೌರ್ಬಲ್ಯವನ್ನು ತೋರಿಸಿದರು. ಅವನ ಮತ ಮಾತ್ರ ರಾಜ್ಯಕ್ಕಿಂತ ದೂರ ಹೋಯಿತು. ಮಹಿಂದ ಅದನ್ನು ಶ್ರೀಲಂಕಾಕ್ಕೆ ಒಯ್ದನೆಂದೂ, ರಕ್ಖಿತನೆಂಬ ಭಿಕ್ಷು ವನವಾಸಿಗೆ, ಅಂದರೆ ನಮ್ಮ ಬನವಾಸಿಗೆ ಬಂದನೆಂದೂ ಮಹಾವಂಶ ಹೇಳುತ್ತದೆ.

ನಮಗೆ ಉಳಿದದ್ದು

ಬ್ರಾಹ್ಮಿ ಲಿಪಿ ಓದುವವರೇ ಇಲ್ಲವಾಗಿ ಅಶೋಕನ ಮಾತು ಶತಮಾನಗಳ ಕಾಲ ಮೌನವಾಗಿತ್ತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಲಿಪಿಯನ್ನು ಬಿಡಿಸಿದ. 1947ರ ಜುಲೈ 22ರಂದು ಸಂವಿಧಾನ ಸಭೆ ಅಶೋಕನ ಚಕ್ರವಿರುವ ಧ್ವಜವನ್ನು ಒಪ್ಪಿಕೊಂಡಿತು. 1950ರ ಜನವರಿ 26ರಂದು ಸಾರನಾಥದ ಸಿಂಹಗಳು ನಮ್ಮ ರಾಷ್ಟ್ರಲಾಂಛನವಾದವು. ನಮ್ಮ ಶಾಲೆಯ ಧ್ವಜಸ್ತಂಭದಲ್ಲಿ, ಅಂಕಪಟ್ಟಿ ಬಿಟ್ಟರೆ ಜೇಬಿನ ನಾಣ್ಯದಲ್ಲಿ ಅವನಿದ್ದಾನೆ. ಸಂಘ ಒಡೆಯುವವರನ್ನು ಹೊರಹಾಕಿ ಎಂಬ ಆಜ್ಞೆ ಇರುವುದೂ ಆ ಸಿಂಹಗಳು ನಿಂತಿದ್ದ ಸಾರನಾಥದ ಕಂಬದ ಮೇಲೆಯೇ. ಸ್ವತಂತ್ರ ಭಾರತ ಸಿಂಹಗಳನ್ನು ತೆಗೆದುಕೊಂಡಿತು, ಆ ಆಜ್ಞೆಯನ್ನು ತೆಗೆದುಕೊಳ್ಳಲಿಲ್ಲ.

ಅಶೋಕ ಬಗೆಹರಿಸದೆ ಬಿಟ್ಟ ಪ್ರಶ್ನೆಗೆ ನಮ್ಮ ಸಂವಿಧಾನ ತನ್ನದೇ ಉತ್ತರ ಕೊಟ್ಟಿದೆ. ಯಾವ ಮತವನ್ನಾದರೂ ನಂಬಿ ಆಚರಿಸುವ ಹಕ್ಕನ್ನು 25ನೇ ವಿಧಿ ಎಲ್ಲರಿಗೂ ಕೊಟ್ಟಿತು. ಒಂದು ನಿರ್ದಿಷ್ಟ ಮತವನ್ನು ಬೆಳೆಸಲೆಂದೇ ಮೀಸಲಿಟ್ಟ ತೆರಿಗೆಯನ್ನು ಯಾರ ಮೇಲೂ ಹೇರಬಾರದೆಂದು 27ನೇ ವಿಧಿ ಹೇಳಿತು. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಮತೀಯ ಬೋಧನೆ ಇರಬಾರದೆಂದು 28ನೇ ವಿಧಿ ಹೇಳಿತು. ಈ ಕೊನೆಯದು ನೇರವಾಗಿ ನಮ್ಮ ಶಾಲೆಯಂಥ ಸರ್ಕಾರಿ ಪ್ರೌಢಶಾಲೆಗೇ ಬರೆದದ್ದು. 50 ವರ್ಷಗಳಿಂದ ಇಲ್ಲಿ ಒಂದೇ ಬೆಂಚಿನ ಮೇಲೆ ಎಲ್ಲ ಕೇರಿಯ ಮಕ್ಕಳೂ ಕುಳಿತಿರುವುದರ ಹಿಂದೆ ಆ ಒಂದು ಸಾಲಿನ ಪಾಲೂ ಇದೆ.

ಆದರೆ ಪ್ರಶ್ನೆ ಮುಗಿದಿಲ್ಲ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಮುಂದಾದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಎಂಬ ಏರ್ಪಾಡಿನೊಂದಿಗೆ ಯೋಜನೆ ನಡೆಯಿತು. ಒಬ್ಬರ ನಂಬಿಕೆಗೆ ಗೌರವ ಬೇಕು, ಇನ್ನೊಬ್ಬರ ಮಗುವಿನ ಮೈಯಲ್ಲಿ ಶಕ್ತಿಯೂ ಬೇಕು. ಎರಡೂ ಒಂದೇ ತಟ್ಟೆಗೆ ಬಂದಾಗ ಏನು ಮಾಡಬೇಕು? ಅಶೋಕನ ಅಡುಗೆಮನೆ ಮತ್ತು ಬೆಸ್ತನ ಬುಟ್ಟಿಯ ನಡುವೆ ಇದ್ದದ್ದೂ ಇದೇ ಪ್ರಶ್ನೆ. ತನ್ನ ತಟ್ಟೆಯಲ್ಲಿ ಅರಸ ಬೇಕಾದ ವ್ರತ ಹಿಡಿಯಲಿ. ಪ್ರಜೆಯ ತಟ್ಟೆಗೆ ಕೈ ಹಾಕುವ ಮುಂಚೆ ಆ ಪ್ರಜೆಯನ್ನೊಮ್ಮೆ ಕೇಳಲಿ ಎಂಬುದು ನನ್ನ ಅಭಿಪ್ರಾಯ.

ಈಗ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ಮನವಿ. ಬ್ರಹ್ಮಗಿರಿಯೂ ಸಿದ್ದಾಪುರವೂ ನಮ್ಮದೇ ಜಿಲ್ಲೆಯಲ್ಲಿವೆ. ಮುಂದಿನ ಶೈಕ್ಷಣಿಕ ಪ್ರವಾಸಕ್ಕೆ ದೂರದ ಊರು ಹುಡುಕುವ ಮುಂಚೆ ಅಲ್ಲಿಗೆ ಒಮ್ಮೆ ಹೋಗಿ ಬನ್ನಿ. ಆ ಅಕ್ಷರಗಳು ನಿಮಗೆ ಓದಲು ಬರುವುದಿಲ್ಲ, ಪರವಾಗಿಲ್ಲ. ತಂದೆತಾಯಿ, ಗುರು, ಸತ್ಯ, ದಯೆ ಎಂದು ಅಲ್ಲಿ ಬರೆದಿರುವುದು ನಿಮಗೆ ಆಗಲೇ ಗೊತ್ತಿದೆ. ಅದನ್ನು ಒಪ್ಪಲು ಯಾರೂ ತಮ್ಮ ಮತ ಬಿಡಬೇಕಿಲ್ಲ, ಇನ್ನೊಬ್ಬರದ್ದನ್ನು ಹಿಡಿಯಬೇಕಿಲ್ಲ.